ಖರ್ಜೂರದ ಕೆಳಗಿನ ಹುಡುಗಿ

"ಉಮ್ಮ ಬಂದರು!" ಎಂದು ಡ್ರೈವರ್ ಕಲಂದರ್ ಗೇಟಿನಿಂದ ಓಡಿ ಬಂದಾಗ, ಇಟಲಿಯ ಚಿತ್ರದ ತಟ್ಟೆ ಮರದ ಪೆಟ್ಟಿಗೆಯಿಂದ ಆಗಷ್ಟೇ ಹೊರಬಂದು ಮೇಜಿನ ಮೇಲೆ ಕೂತಿತ್ತು. ನಾಳೆ ಬರಬೇಕಾದ ಉಮ್ಮ ಕಿರಿಯ ಮಗನ ಪಿಕಪ್ಪಿನಲ್ಲಿ ಇವತ್ತೇ ಬಂದಿಳಿದಿದ್ದರು.

ಕೆಲಸದವರ ವೀಸಾ-ಪಾಸ್‌ಪೋರ್ಟ್ ಹಿಡಿದಿಟ್ಟ ಯಜಮಾನ, ಕಫೀಲ್ ಅಹ್ಮದನ ಮುಖ ಬಿಳುಚಿಕೊಂಡಿತು. ಸೌದಿಯ ಉನೈಜಾದ ಖರ್ಜೂರದ ಪೇಟೆಯಲ್ಲಿ ಅವನಿಗೆ ಎದುರು ಮಾತಾಡುವವರಿಲ್ಲ. ತಾಯಿಯ ಊರುಗೋಲಿನ ಸದ್ದು ಕೇಳಿದರೆ ಮಾತ್ರ ಬೆಕ್ಕಿನ ಮರಿ. ಹೋದ ವರ್ಷ ಅವನು ತಂದಿದ್ದ ಅಮೃತಶಿಲೆಯ ಗೊಂಬೆಯ ತಲೆಯನ್ನು ಅದೇ ಊರುಗೋಲು ಹಾರಿಸಿತ್ತು. ಈ ತಟ್ಟೆಗೋ ನಾನೂರು ವರ್ಷ. ಅದರ ತುಂಬ ಯಾವುದೋ ಹಳೇ ಪುರಾಣ: ಕಡಲ ಬಂಡೆಗೆ ಸರಪಳಿ ಬಿಗಿದ ಹುಡುಗಿ, ಬಾಯಿ ತೆರೆದ ಜಲರಾಕ್ಷಸ, ರೆಕ್ಕೆಯ ಕುದುರೆಯೇರಿ ಬರುವ ವೀರ. ಎಲ್ಲ ಸರಿಯೇ, ಹುಡುಗಿಯ ಮೈಮೇಲೆ ಒಂದು ನೂಲೂ ಇರಲಿಲ್ಲ!

"ಅಲೀಮಾ, ಉಮ್ಮ ಹೋಗುವ ತನಕ ಇದನ್ನು ಉಳಿಸು, ನಿನ್ನ ರಜೆಗೆ ಸಹಿ ಹಾಕುತ್ತೇನೆ. ಒಡೆಯಿತೋ, ರಜೆಯ ಮಾತೇ ಎತ್ತಬೇಡ" ಎಂದವನೇ ಅಹ್ಮದ್ ಬಾಗಿಲಿಗೆ ಓಡಿದ.

ಅಡುಗೆಯ ಅಲೀಮಮ್ಮನಿಗೆ ಆ ರಜೆ ಬೇಕೇ ಬೇಕಿತ್ತು. ಬಂಟ್ವಾಳದಲ್ಲಿ ಮಗಳು ಖದೀಜತ್ ತುಂಬು ಗರ್ಭಿಣಿ, ಚೊಚ್ಚಲ ಹೆರಿಗೆ. ತಾಯಿಯಿಲ್ಲದೆ ಎಂತ ಬಾಣಂತನ? ಮೂರು ತಿಂಗಳಿಂದ ಕೇಳುತ್ತಿದ್ದಳು, ಅಹ್ಮದ್ "ನೋಡೋಣ" ಎನ್ನುತ್ತಿದ್ದ.

"ಎತ್ತಿ ಒಳಗೆ ಇಡುವನಾ?" ಎಂದ ಕಲಂದರ್. ಅವನೇ ಅವಳ ಗಂಡ.

"ಎಂತ ಮಾರಾಯ್ರೇ ನೀವು! ಕೈ ನಡುಗಿ ಬಿದ್ದರೆ? ಆ ಖರ್ಜೂರದ ಬುಟ್ಟಿ ಕೊಡಿ ಇಲ್ಲಿ!"

ಉಮ್ಮ ಒಳಗೆ ಬರುವಾಗ ತಟ್ಟೆಯ ಮೇಲೆ ಖರ್ಜೂರದ ಗುಡ್ಡೆ. ಅವರು ನೇರ ಅದರ ಎದುರಿಗೇ ಕೂತರು. ಒಂದು ತಿಂದರು, ಎರಡು ತಿಂದರು. ಐದನೆಯದಕ್ಕೆ ಕುದುರೆಯ ಬಾಲ ಹೊರಬಂತು. ಅಲೀಮಮ್ಮ ಅಲ್ಲಿಗೆ ಒಂದು ಬೊಗಸೆ ಸುರಿದಳು. "ತಿನ್ನಿ ಉಮ್ಮಾ, ನಿಮ್ಮದೇ ತೋಟದ್ದು." ಉಮ್ಮ ಮತ್ತೆ ಅದೇ ಬದಿಯಿಂದ ಕೈಹಾಕಿದರು. ರಾಕ್ಷಸನ ಒಂದು ಕಣ್ಣು ಇಣುಕಿತು. ಮತ್ತೊಂದು ಬೊಗಸೆ. ಅಹ್ಮದ್ ಬೆವರು ಒರೆಸಿಕೊಳ್ಳುತ್ತ ತಾಯಿಗೆ ಗಹ್ವಾ ಕಾಫಿ ಬಗ್ಗಿಸಿ ಕೊಡುತ್ತಲೇ ಇದ್ದ.

ಕಲಂದರ್ ಇನ್ನೊಂದು ಬುಟ್ಟಿ ತಂದು ಬ್ಯಾರಿ ಭಾಷೆಯಲ್ಲಿ ಪಿಸುಗುಟ್ಟಿದ: "ಇದು ಕಡೆಯದ್ದು. ಇವರದ್ದು ಹೊಟ್ಟೆಯಾ, ಬಾವಿಯಾ?"

"ಬಾಯಿ ಮುಚ್ಚಿ! ನಮ್ಮ ಮಗಳ ಹೆರಿಗೆ ಈ ಬುಟ್ಟಿಯಲ್ಲಿ ಉಂಟು."

ಅವಳು ಬೊಗಸೆ ಎತ್ತಿದ್ದೇ ತಡ, ಉಮ್ಮ ಗಬಕ್ಕನೆ ಅವಳ ಮಣಿಕಟ್ಟು ಹಿಡಿದರು. "ಸಾಕು ಮಾಡು ಮಾರಾಯ್ತಿ! ಬಾಲ ಕಂಡಾಗಿನಿಂದ, ಕುದುರೆಯ ಮೇಲೆ ಕೂತವನು ಯಾರೆಂದು ನೋಡಲು ತಿನ್ನುತ್ತಿದ್ದೇನೆ. ನಾನು ತಿಂದಷ್ಟೂ ನೀನು ಸುರಿಯುತ್ತೀಯಲ್ಲ, ನನ್ನ ಹೊಟ್ಟೆ ಒಡೆಯಬೇಕಾ?"

ಎರಡೂ ಕೈಯಿಂದ ಖರ್ಜೂರ ಬದಿಗೆ ಸರಿಸಿದರು. ಅಹ್ಮದ್ ಕಣ್ಣು ಮುಚ್ಚಿಕೊಂಡ. ಊರುಗೋಲು ಮೇಲೇಳಲಿಲ್ಲ. ಉಮ್ಮ ಬಗ್ಗಿ ತುಂಬಾ ಹೊತ್ತು ನೋಡಿ, ಅಂಚಿನಲ್ಲಿ ತಲೆಯ ಮೇಲೆ ಕೈಹೊತ್ತು ನಿಂತ ಒಬ್ಬಳನ್ನು ಬೆರಳಿನಿಂದ ತೋರಿಸಿದರು. "ಇವಳು ಯಾರು?"

"ಹುಡುಗಿಯ ತಾಯಿ" ಎಂದ ಅಹ್ಮದ್, ಸಣ್ಣ ದನಿಯಲ್ಲಿ.

"ಮಗಳು ಅಲ್ಲಿ ಸಂಕಟದಲ್ಲಿದ್ದಾಳೆ. ಇವಳು ದಡದಲ್ಲಿ ನಿಂತು ಏನು ಮಾಡುತ್ತಿದ್ದಾಳೆ?"

ಅಲೀಮಮ್ಮನಿಗೆ ತಡೆಯಲಾಗಲಿಲ್ಲ. "ಹೋಗಲು ಬಿಡುವವರಿಲ್ಲ ಉಮ್ಮಾ. ನನ್ನದೂ ಅದೇ ಕಥೆ" ಎಂದು ಅಳುತ್ತಲೇ ಖದೀಜತಳ ಸುದ್ದಿಯನ್ನೆಲ್ಲ ಹೇಳಿಬಿಟ್ಟಳು.

ಈಗ ಊರುಗೋಲು ಎದ್ದಿತು. ಮಗನ ಮೊಣಕಾಲಿಗೆ ಟಕ್ಕೆಂದು ತಾಗಿತು. "ಇವಳ ಪಾಸ್‌ಪೋರ್ಟ್ ಎಲ್ಲಿ? ಈಗಲೇ ತಾ!"

ಅಹ್ಮದ್ ಕಪಾಟಿನತ್ತ ಓಡಿದ. ಉಮ್ಮ ಮೂರು ಖರ್ಜೂರ ಆರಿಸಿ, ಬಂಡೆಯ ಹುಡುಗಿಯ ಮೈಮೇಲೆ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಜೋಪಾನವಾಗಿ ಇಟ್ಟರು.

"ಈ ಮೂರನ್ನು ಯಾರೂ ತಿನ್ನಬೇಡಿ."