ಕಾಲೊಡಕಿನ ಮುಲಾಮು

ರೇಷ್ಮೆ ಹುಳುಮನೆಯ ಸೂರಿಗೆ ಸಿಕ್ಕಿಸಿಟ್ಟಿದ್ದ ಟ್ಯೂಬು ಕೈಗೆ ಸಿಕ್ಕಾಗ ಚೆಲುವಯ್ಯನಿಗೆ ಸಿಟ್ಟಿಗಿಂತ ಮೊದಲು ಒಂದು ಥರದ ಸಮಾಧಾನವೇ ಆಯಿತು. ನಾಲ್ಕು ತಿಂಗಳಿಂದ ಹುಡುಕುತ್ತಿದ್ದ ಸಾಕ್ಷಿ ಕೊನೆಗೂ ಸಿಕ್ಕಿತಲ್ಲ! ಅದು ಏನೆಂದು ಮಾತ್ರ ತಿಳಿಯಲಿಲ್ಲ. ಮೇಲೆ ಬರೆದದ್ದೆಲ್ಲ ಇಂಗ್ಲಿಷು.

"ಏನಮ್ಮಿ ಇದು?"

ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದ ಹೆಂಡತಿ ಕಾವೇರಮ್ಮನ ಕೈ ನಿಂತಿತು. "ಕಾಲೊಡಕಿಗೆ. ಆಸ್ಪತ್ರೆ ಸಿಸ್ಟರ್ ಕೊಡ್ಸಿದ್ರು."

ಅವನು ಅವಳ ಹಿಮ್ಮಡಿ ನೋಡಿದ. ಟ್ಯೂಬು ಅರ್ಧ ಮುಗಿದಿತ್ತು, ಒಡಕು ಮಾತ್ರ ಬೆರಳು ತೂರುವಷ್ಟು ಹಾಗೇ ಇತ್ತು. ಇಂಥ ಹಸಿ ಸುಳ್ಳು ಹೇಳುವುದನ್ನು ಇವಳು ಯಾವಾಗ ಕಲಿತಳೋ!

ಅನುಮಾನ ಶುರುವಾಗಿದ್ದೇ ಹುಳುಗಳಿಂದ. ಮನೆಯಲ್ಲಿ ಹುಳು ಇರುವಷ್ಟು ದಿನ ಅದನ್ನು ಸಾಕುವವಳು ಗಂಡನ ಪಕ್ಕ ಮಲಗಬಾರದು ಎಂಬುದು ಅವನ ತಾಯಿ ಮಾಡಿಟ್ಟ ಕಟ್ಟಳೆ. ಗೂಡು ಮಾರಿ, ಹುಳುಮನೆ ತೊಳೆದು ಹದಿನೈದು ದಿನ ಖಾಲಿ ಬಿಡುವುದು ವಾಡಿಕೆ; ಆ ಹದಿನೈದು ದಿನ ಚೆಲುವಯ್ಯನದು. ಈ ವರ್ಷ ಕಾವೇರಮ್ಮ ಗೂಡು ಬಿಡಿಸಿದ ಮೂರನೇ ದಿನಕ್ಕೇ ಹೊಸ ಮರಿಹುಳು ತರಿಸಿಬಿಡುತ್ತಿದ್ದಳು. ಎರಚಿದ ಸುಣ್ಣದ ನೀರು ಕೂಡ ಆರಿರುತ್ತಿರಲಿಲ್ಲ. ಆ ಹುಳುವನ್ನು ಆಟೋದಲ್ಲಿ ತಂದುಕೊಡುವ ರಾಮಲಿಂಗಯ್ಯನೋ ಹೆಂಡತಿ ಸತ್ತವನು, ಐವತ್ತೈದಾದರೂ ಮೀಸೆಗೆ ಬಣ್ಣ ಹಚ್ಚುವವನು. ಇನ್ನೇನು ಬೇಕು!

"ರಾಮಲಿಂಗಯ್ಯ ತಂದ್ಕೊಟ್ನಾ?"

"ಥೂ! ಏನ್ ಮಾತು ಅಂತ ಆಡ್ತೀಯಾ?"

"ಹಂಗಾರೆ ನಡಿ, ಸಿಸ್ಟರನ್ನೇ ಕೇಳ್ಬುಡಣ."

ಉಯ್ಯಂಬಳ್ಳಿಯ ಆಸ್ಪತ್ರೆವರೆಗೂ ಮುಂದೆ ಅವನು, ಹಿಂದೆ ಅವಳು ಹೋದರು. ಅವಳು ಬರಲೊಪ್ಪಿದ್ದೂ ಅವನಿಗೆ ಅನುಮಾನವೇ. ಸಿಸ್ಟರ್‌ಗೆ ಮೊದಲೇ ಹೇಳಿಕೊಟ್ಟಿರಬೇಕು ಅಂದುಕೊಂಡ. ಸಿಸ್ಟರ್ ತಾಹೇರಾ ಟ್ಯೂಬು ನೋಡಿದರು, ಆಮೇಲೆ ಕಾವೇರಮ್ಮನನ್ನು ನೋಡಿದರು. "ಹೇಳ್ಲಾ ಅಕ್ಕ?"

ಕಾವೇರಮ್ಮ ನೆಲ ನೋಡುತ್ತಲೇ ತಲೆಯಾಡಿಸಿದಳು.

"ಮುಟ್ಟು ನಿಂತ್ಮೇಲೆ ಎಷ್ಟೋ ಹೆಂಗಸರಿಗೆ ಆ ಜಾಗ ಒಣಗುತ್ತೆ ಚೆಲುವಯ್ಯಣ್ಣ. ಉರಿಯುತ್ತೆ, ಗೀರು ಬೀಳುತ್ತೆ. ಗಂಡ ಹತ್ರ ಬಂದ್ರೆ ಜೀವ ಹೋಗುವಷ್ಟು ನೋವು. ಅಕ್ಕನಿಗೆ ರಕ್ತ ಬೇರೆ ಕಂಡಿತ್ತು, ಅದಕ್ಕೇ ಕನಕಪುರದ ಲೇಡಿ ಡಾಕ್ಟರ್ ಹತ್ರ ಕಳಿಸ್ದೆ. ಅವರು ಪರೀಕ್ಷೆ ಮಾಡಿ, ಬೇರೆ ಕಾಯಿಲೆ ಏನಿಲ್ಲ ಅಂತ ಇದನ್ನ ಬರ್ಕೊಟ್ರು."

ಚೆಲುವಯ್ಯನ ದನಿ ಇಳಿಯಿತು. "ವಾಸಿ ಆಯ್ತದಾ?"

"ಆಗುತ್ತೆ, ಒಂದೆರಡು ತಿಂಗಳು ಬೇಕು. ಡಾಕ್ಟರ್ ಹೇಳಿದಷ್ಟೇ ಹಚ್ಚಬೇಕು, ಅಲ್ಲಿ ಸೋಪು ಹಾಕಿ ಉಜ್ಜಬಾರದು. ಆಮೇಲೂ ಒಣಗಿದಂಗೆ ಅನ್ಸಿದ್ರೆ ಜಾರೋ ಜೆಲ್ಲು ಸಿಗುತ್ತೆ. ಅವಸರ ಮಾತ್ರ ಕೂಡದು. ಈ ಕೊನೇದು ನಿಮಗೆ ಹೇಳಿದ್ದು."

"ಮತ್ತೆ ನಂಗ್ಯಾಕೆ ಹೇಳ್ನಿಲ್ಲ ಇವ್ಳು?"

"ನೋವು ಶುರುವಾಗಿ ಎರಡು ವರ್ಷ ಆಯ್ತಂತೆ ಅಣ್ಣ. ಹೇಳ್ದೇ ಇದ್ರೆ ನಿಮಗೆ ಗೊತ್ತಾಗ್ಲೇ ಇಲ್ವಾ?"

ಬಾಗಿಲಲ್ಲಿ ನಿಂತೇ ಯಾವ ತಟ್ಟೆಯ ಹುಳುವಿಗೆ ಸೀಕು ಬಂದಿದೆ ಎಂದು ಹೇಳಬಲ್ಲ ಚೆಲುವಯ್ಯ ಹೆಂಡತಿಯತ್ತ ತಿರುಗಿದ. ಹುಳು ಇಲ್ಲದ ಆ ಹದಿನೈದು ದಿನಗಳು ಒಂದೊಂದಾಗಿ ನೆನಪಿಗೆ ಬಂದವು.

"ಮೊಕ ಆ ಕಡೀಕ್ ತಿರುಗಿಸ್ಕಂಡು, ಹಲ್ಲು ಕಚ್ಕಂಡು ಮನಗಿರೋಳು," ಅಂದ. "ನಾನು... ನಾಚ್ಕೆ ಅನ್ಕಂಡಿದ್ದೆ."

ಕಾವೇರಮ್ಮ ತಲೆಯೆತ್ತಿದಳು.

"ಮೂರು ಮೊಮ್ಮಕ್ಳ ಅಜ್ಜಿಗಾ?"