ಗೋಡೆಯಾಚೆಯ ಕರೆಂಟು

ಮೇನ್ ಸ್ವಿಚ್ ಆರಿಸಿದ್ದರೂ ಗೀಸರಿನ ತಂತಿಗೆ ತಾಗಿಸಿದ ಟೆಸ್ಟರು ಹೊತ್ತಿತು. ವಿದ್ಯುತ್ ಕಂಪನಿ ಕೊಟ್ಟಿದ್ದ, ನೀರಿನ ಬಿಸಿ ಹತೋಟಿಯಲ್ಲಿಡುವ ಹೊಸ ಥರ್ಮೋಸ್ಟಾಟ್ ಪೆಟ್ಟಿಗೆ ಕೂರಿಸಲು ಹಿರಿಯೂರಿನ ಅನುಸೂಯಳ ಮನೆಗೆ ಬಂದಿದ್ದ ಎಲೆಕ್ಟ್ರಿಷಿಯನ್ ಯಶೋದಾ ಕೈ ಹಿಂದೆಗೆದುಕೊಂಡಳು.

“ಅಕ್ಕಾ, ಇದು ನಿಮ್ಮನೆ ಕರೆಂಟಲ್ಲ. ಎಲ್ಲಿಂದ ಬರ್ತೈತೆ?”

ಇಬ್ಬರೂ ಕುತೂಹಲದಿಂದ ತಂತಿಯ ಜಾಡು ಹಿಡಿದು ಹೋದರು. ಅದು ಗೋಡೆ ದಾಟಿ ಪಕ್ಕದ ಮನೆ ಸೇರಿತ್ತು. ಅಲ್ಲಿದ್ದವರು ಅನುಸೂಯಳ ಗಂಡನ ಅಣ್ಣ ದೊಡ್ಡತಿಮ್ಮಪ್ಪ. ಮನೆ ಪಾಲಾದಾಗಿನಿಂದ ಆರು ವರ್ಷ ಮಾತಿರಲಿಲ್ಲ. ಅನುಸೂಯ ಅಳುಕುತ್ತಲೇ ಅವರ ಬಾಗಿಲು ತಟ್ಟಿ ವಿಷಯ ಹೇಳಿದಳು.

“ಗೊತ್ತಮ್ಮ, ಪಾಲಾದಾಗ್ಲೇ ನೋಡಿದ್ದೆ,” ಎನ್ನುತ್ತಾ ಅವರು ತಮ್ಮ ಮೇನ್ ಆರಿಸಿದರು. “ತಂತಿ ಕಿತ್ರೆ ನಿಮ್ಮನೆ ಮಕ್ಳು ತಣ್ಣೀರಲ್ಲಿ ಮೀಬೇಕಾಗ್ತಿತ್ತು. ಅದ್ಕೇ ಕೀಳಿಸ್ಲಿಲ್ಲ.”

ಅನುಸೂಯ ಪಕ್ಕಕ್ಕೆ ಸರಿದು ತನ್ನ ಮನೆಯತ್ತ ಕೈ ತೋರಿದಳು.

“ಬರ್ರಿ ಭಾವ,” ಎಂದಳು. “ಆ ಹೊಸ ಪೆಟ್ಟಿಗೆ ಹೆಂಗ್ ಕೆಲ್ಸ ಮಾಡ್ತೈತೋ ನೀವೂ ನೋಡಿರಂತೆ.”