ಏಳರ ಮಗ್ಗಿ

ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದ ತಾಯಿ ಥಟ್ಟನೆ ಕೈ ತಡೆದಳು. ಒಳಗೆ ಗಂಡ ಮಗ್ಗುಲು ಬದಲಿಸಿದ ಸದ್ದು. ಮತ್ತೆ ಗೊರಕೆ ಕೇಳುವವರೆಗೂ ಕಾದು, ತಂಬಿಗೆಯನ್ನು ಸದ್ದಾಗದಂತೆ ಕೆಳಗಿಟ್ಟು, ಮಗಳ ಕೈ ಹಿಡಿದು ಬೀದಿಗಿಳಿದಳು.

ಶಾಲೆಯ ಓಟದ ಪಂದ್ಯಕ್ಕೆಂದು ದಿನವೂ ಈ ಅಭ್ಯಾಸ. ಮಗ್ಗಿ ಹೇಳುತ್ತಲೇ ಓಡಬೇಕು. ಮಗ್ಗಿ ನಡುವೆ ತುಂಡಾದರೆ ಓಟ ಜೋರಾಯಿತೆಂದು ಅರ್ಥ.

"ಏಳೊಂದ್ಲ ಏಳು, ಏಳೆರಡ್ಲ..." ಮಗಳು ಏದುಸಿರು ಬಿಡುತ್ತಾ ನಿಂತಳು.

"ನೋಡು, ಮತ್ತೆ ಕರು ನೆಗೆದ ಹಾಗೆ ನೆಗೆದೆ. ಮೊದಲೇ ದಮ್ಮು ಖಾಲಿ ಮಾಡ್ಕೊಂಡ್ರೆ ಕೊನೇವರೆಗೂ ಹೋಗೋದು ಹೇಗೆ ಬಂಗಾರಿ? ಒಂದೇ ಸಮ ಓಡು."

"ಪಂದ್ಯ ನಂದಲ್ವಾ? ನೀನ್ಯಾಕಮ್ಮಾ ಓಡ್ತೀಯ?"

"ನಿಂಗೆ ಜೊತೆ ಬೇಡ್ವಾ?" ತಾಯಿ ನಕ್ಕು, ಅವಳ ಸಡಿಲಾದ ಜಡೆ ಬಿಗಿದಳು.

ಕೆಲವು ದಿನಗಳ ಬಳಿಕ ಒಂದು ಬೆಳಗ್ಗೆ, ಮೊದಲ ಸಲ ಮಗಳು ಎಲ್ಲೂ ನಿಲ್ಲದೆ, ಮಗ್ಗಿ ತಪ್ಪದೆ, ಊರಾಚೆಯ ಪೊಲೀಸ್ ಠಾಣೆಯ ಗೇಟು ಮುಟ್ಟಿದಳು. ದಿನವೂ ಅವರು ಹಿಂದಿರುಗುತ್ತಿದ್ದದ್ದು ಅಲ್ಲಿಂದಲೇ.

ತಾಯಿ ಸೆರಗಿನಿಂದ ಅವಳ ಬೆವರೊರೆಸಿ, "ಇನ್ನು ಪರವಾಗಿಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು.

ಮಗಳು ಗೇಟನ್ನು ನೋಡಿದಳು, ಬಂದ ದಾರಿಯನ್ನು ನೋಡಿದಳು. ಕೊನೆಗೆ ಕೇಳಿಯೇಬಿಟ್ಟಳು:

"ಅಮ್ಮಾ, ಅಪ್ಪ ಹಿಂದಿನಿಂದ ಓಡಿ ಬಂದ್ರೂ ಮಗ್ಗಿ ಹೇಳ್ಕೊಂಡೇ ಓಡ್ಬೇಕಾ?"